ಯಾವ ಸುಫ್ಯಾನ್? ಹೆಸರಿನಿಂದ ನಕ್ಷೆಯವರೆಗೆ



ವಿದ್ಯಾರ್ಥಿವೇತನದ ಅರ್ಜಿಗಳನ್ನು ವಿಂಗಡಿಸಲು ಕುಳಿತವರಿಗೆಲ್ಲ ಈ ಅನುಭವ ಇದ್ದೇ ಇರುತ್ತದೆ. ಒಬ್ಬರು ಮುಹಮ್ಮದ್ ಎಂದು ಬರೆದರೆ ಇನ್ನೊಬ್ಬರು ಮೊಹಮ್ಮದ್ ಎಂದೂ ಮತ್ತೊಬ್ಬರು ಬರೀ ಎಂ.ಡಿ. ಎಂದೂ ಬರೆದಿರುತ್ತಾರೆ. ಒಂದೇ ಊರಿನ ಇಬ್ಬರು ಫಾತಿಮಾರಿಗೆ ತಂದೆಯ ಹೆಸರೂ ಒಂದೇ ಆಗಿರುತ್ತದೆ. ಕೆಲವು ವರ್ಷಗಳ ಹಿಂದೆ ಇಂತಹದೊಂದು ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವಾಗ, ಎರಡು ಅರ್ಜಿಗಳೂ ಒಬ್ಬಳದೇ ಎಂದು ಭಾವಿಸಿ ನಾನು ಒಂದನ್ನು ಅಳಿಸಿಬಿಟ್ಟೆ. ತಪ್ಪು ತಿಳಿಯುವಷ್ಟರಲ್ಲಿ ಒಬ್ಬ ಹುಡುಗಿ ಕಾಲೇಜು ಶುಲ್ಕ ಕಟ್ಟಬೇಕಾದ ಕೊನೆಯ ದಿನ ದಾಟಿಹೋಗಿತ್ತು. ತಪ್ಪು ಕಂಪ್ಯೂಟರಿನದಲ್ಲ. ಹೆಸರು ಬೇರೆ, ಹೆಸರಿನ ಹಿಂದಿರುವ ಮನುಷ್ಯ ಬೇರೆ ಎಂಬುದನ್ನು ನಾನು ಮೊದಲೇ ಯೋಚಿಸಿರಲಿಲ್ಲ.

ಇಂತಹ ತಪ್ಪು ಆಗದಿರಲೆಂದೇ ಕಂಪ್ಯೂಟರ್ ಕಲಿಯುವ ವಿದ್ಯಾರ್ಥಿಗಳಿಗೆ, ಮಾಹಿತಿ ತುಂಬುವ ಮೊದಲು ಒಂದು ನಕ್ಷೆ ಬರೆಯಲು ಹೇಳಿಕೊಡುತ್ತಾರೆ. ಯಾವ ಯಾವ ವಸ್ತುಗಳಿವೆ, ಅವುಗಳ ನಡುವಿನ ಸಂಬಂಧವೇನು ಎಂದು ತೋರಿಸುವ ನಕ್ಷೆ ಅದು. ಅದರ ಹಿಂದಿರುವ ಪ್ರಶ್ನೆಗಳು ಕಂಪ್ಯೂಟರಿಗಿಂತ ಎಷ್ಟೋ ಹಳೆಯವು. ಅವುಗಳ ಕಥೆಯನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಜ್ಞಾನವನ್ನು ಚಿತ್ರವಾಗಿ ಜೋಡಿಸುವ ಹಳೆಯ ಮಾದರಿ ಎಂದರೆ ಮರ. ಕ್ರಿ.ಶ. 3ನೇ ಶತಮಾನದಲ್ಲಿ ಬಾಳಿದ ಪೋರ್ಫಿರಿ ಎಂಬ ತತ್ವಜ್ಞಾನಿ, ಅರಿಸ್ಟಾಟಲನ ತರ್ಕಶಾಸ್ತ್ರಕ್ಕೆ 'ಇಸಗೋಗೆ' ಎಂಬ ಪ್ರವೇಶಿಕೆಯನ್ನು ಬರೆದ. ಅದರಲ್ಲಿದ್ದ ವಿಂಗಡಣೆಯನ್ನು ನಂತರದವರು ಮರದ ರೂಪದಲ್ಲಿ ಬರೆದು 'ಪೋರ್ಫಿರಿಯ ಮರ' ಎಂದು ಕರೆದರು. ಈ ಪುಸ್ತಕ ಅರಬಿಗೆ ಅನುವಾದವಾಯಿತು. 13ನೇ ಶತಮಾನದಲ್ಲಿ ಅಸೀರುದ್ದೀನ್ ಅಬ್ಹರಿ ಅದೇ ಹೆಸರಿನಲ್ಲಿ 'ಈಸಾಗೂಜಿ' ಎಂಬ ಚಿಕ್ಕ ಗ್ರಂಥ ಬರೆದರು. ದರ್ಸೆ ನಿಜಾಮಿ ಪಠ್ಯಕ್ರಮದಲ್ಲಿ ಓದಿದವರಿಗೆ ಇದು ಪರಿಚಿತ. ಜೌಹರ್, ಜಿಸ್ಮ್, ಜಿಸ್ಮ್ ನಾಮೀ, ಹಯವಾನ್, ಇನ್ಸಾನ್ ಎಂದು ಒಂದೊಂದೇ ಮೆಟ್ಟಿಲು ಇಳಿಯುವ ಕ್ರಮ ಆ ಮರದ್ದೇ.

ಆದರೆ ಮರಕ್ಕೆ ಒಂದು ಮಿತಿಯಿದೆ. ಮನುಷ್ಯ ಯಾವ ಜಾತಿಯ ಜೀವಿ ಎಂದು ಅದು ಹೇಳುತ್ತದೆ. ಈ ಮನುಷ್ಯ ಯಾರು, ಯಾರ ಶಿಷ್ಯ, ಯಾರ ಗುರು ಎಂದು ಹೇಳುವುದಿಲ್ಲ. ಈ ಎರಡನೆಯ ಪ್ರಶ್ನೆಯನ್ನು ಅತ್ಯಂತ ಗಂಭೀರವಾಗಿ ತೆಗೆದುಕೊಂಡವರು ಹದೀಸ್ ವಿದ್ವಾಂಸರು.

ಈಗ ನೀವೇ ಒಂದು ಕಾಗದ ತೆಗೆದುಕೊಳ್ಳಿ. ಇಮಾಮ್ ಬುಖಾರಿಯವರ ಸಹೀಹ್‌ನ ಮೊದಲ ಹದೀಸ್ ಸಂಕಲ್ಪದ ಕುರಿತಾದದ್ದು. ಅದರ ಸನದನ್ನು ಮೇಲಿನಿಂದ ಕೆಳಕ್ಕೆ ಬರೆಯಿರಿ. ಪ್ರವಾದಿ(ಸ)ಯವರಿಂದ ಉಮರ್(ರ), ಅವರಿಂದ ಅಲ್ಕಮಾ, ಅವರಿಂದ ಮುಹಮ್ಮದ್ ಬಿನ್ ಇಬ್ರಾಹೀಮ್ ತೈಮೀ, ಅವರಿಂದ ಯಹ್ಯಾ ಬಿನ್ ಸಈದ್ ಅನ್ಸಾರಿ, ಅವರಿಂದ ಸುಫ್ಯಾನ್, ಅವರಿಂದ ಹುಮೈದಿ, ಅವರಿಂದ ಬುಖಾರಿ. ಯಹ್ಯಾ ಅವರವರೆಗೆ ಇದು ಒಂಟಿ ಎಳೆಯಾಗಿ ಬರುತ್ತದೆ. ಅಲ್ಲಿಂದ ಮುಂದೆ ಅನೇಕ ಶಿಷ್ಯರ ಮೂಲಕ ಬೇರೆ ಬೇರೆ ಗ್ರಂಥಗಳಿಗೆ ಹರಡುತ್ತದೆ. ಕಾಗದದ ಮೇಲೆ ಗೆರೆ ಎಳೆದು ನೋಡಿದರೆ, ಮಾತಿನಲ್ಲಿ ವಿವರಿಸಲು ಅರ್ಧ ಗಂಟೆ ಬೇಕಾದ ವಿಷಯ ಒಂದೇ ನೋಟಕ್ಕೆ ಸಿಗುತ್ತದೆ.

ಇನ್ನೊಂದು ಪ್ರಶ್ನೆ. ಈ ಸನದಿನಲ್ಲಿರುವ ಸುಫ್ಯಾನ್ ಯಾರು? ಆ ಕಾಲದಲ್ಲಿ ಇಬ್ಬರು ಪ್ರಸಿದ್ಧ ಸುಫ್ಯಾನರಿದ್ದರು. ಸುಫ್ಯಾನ್ ಸೌರಿ ತೀರಿಕೊಂಡದ್ದು ಹಿಜರಿ 161ರಲ್ಲಿ, ಸುಫ್ಯಾನ್ ಬಿನ್ ಉಯೈನಾ ತೀರಿಕೊಂಡದ್ದು ಹಿಜರಿ 198ರಲ್ಲಿ. ಇಬ್ಬರೂ ಯಹ್ಯಾ ಅವರ ಶಿಷ್ಯರೇ. ಹೆಸರನ್ನಷ್ಟೇ ನೋಡಿದರೆ ಉತ್ತರ ಸಿಗುವುದಿಲ್ಲ. ಕೆಳಗಿನ ಕೊಂಡಿಯನ್ನು ನೋಡಿದರೆ ಸಿಗುತ್ತದೆ. ಹುಮೈದಿ ಮಕ್ಕಾದಲ್ಲಿ ಇಬ್ನ್ ಉಯೈನಾ ಅವರ ಬಳಿ ಕಲಿತವರು. ಆದ್ದರಿಂದ ಇಲ್ಲಿರುವುದು ಇಬ್ನ್ ಉಯೈನಾ. ಗಮನಿಸಿ: ಹೆಸರು ಹೇಳದ್ದನ್ನು ಸಂಬಂಧ ಹೇಳಿತು.

ಇಂತಹ ಗೊಂದಲಕ್ಕಾಗಿಯೇ ಒಂದು ಶಾಖೆ ಬೆಳೆಯಿತು. ಕ್ರಿ.ಶ. 1071ರಲ್ಲಿ ನಿಧನರಾದ ಖತೀಬ್ ಬಗ್ದಾದಿಯವರು ಒಂದೇ ಹೆಸರಿನ ಬೇರೆ ಬೇರೆ ವ್ಯಕ್ತಿಗಳ ಬಗ್ಗೆ ಒಂದು ಗ್ರಂಥ ಬರೆದರು. ಇಬ್ಬರನ್ನು ಒಬ್ಬರೆಂದು ಕೂಡಿಸುವ, ಒಬ್ಬರನ್ನು ಇಬ್ಬರೆಂದು ಒಡೆಯುವ ತಪ್ಪುಗಳ ಬಗ್ಗೆ ಇನ್ನೊಂದನ್ನು ಬರೆದರು. ನನ್ನ ಕೈಯಿಂದ ಆದ ತಪ್ಪಿನ ಹೆಸರು ಸುಮಾರು ಸಾವಿರ ವರ್ಷಗಳ ಹಿಂದೆಯೇ ಪುಸ್ತಕದ ಶೀರ್ಷಿಕೆಯಾಗಿತ್ತು!

ದಮಾಸ್ಕಸ್‌ನ ಜಮಾಲುದ್ದೀನ್ ಮಿಝ್ಝಿ (ಕ್ರಿ.ಶ. 1256–1341) ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಅವರ 'ತಹ್ಝೀಬುಲ್ ಕಮಾಲ್' ಆರು ಪ್ರಮುಖ ಹದೀಸ್ ಗ್ರಂಥಗಳ ವರದಿಗಾರರ ಕೋಶ. ಆಧುನಿಕ ಮುದ್ರಣದಲ್ಲಿ ಅದು 35 ಸಂಪುಟಗಳಷ್ಟಿದೆ. ಪ್ರತಿಯೊಬ್ಬರ ಹೆಸರಿನ ಕೆಳಗೆ ಅವರ ಗುರುಗಳ ಪಟ್ಟಿ, ಶಿಷ್ಯರ ಪಟ್ಟಿ. ಯಾವ ಗ್ರಂಥ ಎಂದು ತಿಳಿಸಲು ಒಂದೊಂದು ಅಕ್ಷರದ ಗುರುತು: ಬುಖಾರಿಗೆ 'ಖಾ', ಮುಸ್ಲಿಮ್‌ಗೆ 'ಮೀಮ್', ಅಬೂದಾವೂದ್‌ಗೆ 'ದಾಲ್'. ಈ ಗುರುತು ವ್ಯಕ್ತಿಯ ಹೆಸರಿನ ಜೊತೆ ಮಾತ್ರವಲ್ಲ, ಅವರ ಒಬ್ಬೊಬ್ಬ ಗುರುವಿನ ಮತ್ತು ಶಿಷ್ಯನ ಹೆಸರಿನ ಜೊತೆಗೂ ಇರುತ್ತದೆ. ಅಂದರೆ ಇವರು ಅವರಿಂದ ವರದಿ ಮಾಡಿದ್ದು ಯಾವ ಗ್ರಂಥದಲ್ಲಿದೆ ಎಂಬುದು ಸಂಬಂಧದ ಮೇಲೆಯೇ ಬರೆದ ಮಾಹಿತಿ. ಮಿಝ್ಝಿಯವರು ಚಿತ್ರ ಬರೆಯಲಿಲ್ಲ. ಚಿತ್ರ ಬರೆಯಲು ಬೇಕಾದ ಎಲ್ಲವನ್ನೂ ಜೋಡಿಸಿಟ್ಟರು.

ಇನ್ನು ನಮ್ಮ ಕಾಲಕ್ಕೆ ಬರೋಣ. 1960ರ ದಶಕದಲ್ಲಿ ದೊಡ್ಡ ಕಂಪನಿಗಳ ಲೆಕ್ಕಪತ್ರಗಳು ಕಂಪ್ಯೂಟರಿಗೆ ಸೇರತೊಡಗಿದಾಗ ಅದೇ ಪ್ರಶ್ನೆಗಳು ಮತ್ತೆ ಎದುರಾದವು. ಚಾರ್ಲ್ಸ್ ಬ್ಯಾಕ್‌ಮನ್ 1969ರಲ್ಲಿ, ಮಾಹಿತಿಯ ರಚನೆಯನ್ನು ಚೌಕ ಮತ್ತು ಬಾಣದ ಗುರುತುಗಳಿಂದ ತೋರಿಸುವ ಕ್ರಮವನ್ನು ಪ್ರಕಟಿಸಿದರು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್, ಎಲ್ಲ ಮಾಹಿತಿಯನ್ನೂ ಕೋಷ್ಟಕಗಳಲ್ಲಿಟ್ಟು, ಪ್ರತಿ ಸಾಲನ್ನೂ ಗುರುತಿಸಲು ಒಂದು 'ಕೀ' ಇರಬೇಕೆಂದರು. 1976ರಲ್ಲಿ ತೈವಾನ್ ಮೂಲದ ಪೀಟರ್ ಚೆನ್ 'ಎಂಟಿಟಿ-ರಿಲೇಶನ್‌ಶಿಪ್' ಮಾದರಿಯನ್ನು ಮುಂದಿಟ್ಟರು. ಬಿ.ಸಿ.ಎ. ವಿದ್ಯಾರ್ಥಿಗಳು 'ಇ-ಆರ್ ಡಯಾಗ್ರಾಂ' ಎಂದು ಪರೀಕ್ಷೆಗೆ ಬರೆಯುವುದು ಇದನ್ನೇ. ಚೌಕದೊಳಗೆ ವಸ್ತು, ವಜ್ರಾಕೃತಿಯೊಳಗೆ ಸಂಬಂಧ. 'ವಿದ್ಯಾರ್ಥಿ' ಒಂದು ಚೌಕ, 'ವಿಷಯ' ಇನ್ನೊಂದು ಚೌಕ, ನಡುವೆ 'ಕಲಿಯುತ್ತಾನೆ' ಎಂಬ ವಜ್ರ. ಒಬ್ಬ ವಿದ್ಯಾರ್ಥಿ ಹಲವು ವಿಷಯ ಕಲಿಯಬಹುದು, ಒಂದು ವಿಷಯವನ್ನು ಹಲವರು ಕಲಿಯಬಹುದು. ಹಾಗಾದರೆ ಪಡೆದ ಅಂಕವನ್ನು ಎಲ್ಲಿ ಬರೆಯಬೇಕು? ವಿದ್ಯಾರ್ಥಿಯ ಚೌಕದಲ್ಲೂ ಅಲ್ಲ, ವಿಷಯದ ಚೌಕದಲ್ಲೂ ಅಲ್ಲ. ಎರಡರ ನಡುವಿನ ಸಂಬಂಧದ ಮೇಲೆ. ಮಿಝ್ಝಿಯವರ 'ಖಾ', 'ಮೀಮ್' ಗುರುತುಗಳು ನೆನಪಾದವೇ?

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಡೇಟಾಬೇಸನ್ನು ಮುಸ್ಲಿಮರೇ ಕಂಡುಹಿಡಿದರು ಎಂದು ವೇದಿಕೆಯಲ್ಲಿ ಹೇಳಿಕೊಳ್ಳಲು ಈ ಲೇಖನವನ್ನು ಬಳಸಬೇಡಿ. ಅದು ನಿಜವಲ್ಲ. ಚೆನ್ ಅವರ ದಾರಿ ಬೇರೆ, ಮಿಝ್ಝಿಯವರ ದಾರಿ ಬೇರೆ. ಒಬ್ಬರು ಯಂತ್ರಕ್ಕಾಗಿ ದುಡಿದರು, ಇನ್ನೊಬ್ಬರು ಪ್ರವಾದಿ(ಸ)ಯವರ ಮಾತು ಕಲಬೆರಕೆಯಾಗದಿರಲೆಂದು ದುಡಿದರು. ಆಧಾರವಿಲ್ಲದೆ ಇಬ್ಬರ ನಡುವೆ ಗೆರೆ ಎಳೆಯುವುದು, ಸನದಿಲ್ಲದೆ ಹದೀಸ್ ಹೇಳಿದಂತೆ. ಆ ವಿದ್ವಾಂಸರು ನಮಗೆ ಬಿಟ್ಟುಹೋದ ಆಸ್ತಿ ಬಡಾಯಿಯಲ್ಲ, 'ಯಾರಿಂದ ಕೇಳಿದೆ?' ಎಂದು ಕೇಳುವ ಅಭ್ಯಾಸ.

ವಿದ್ಯಾರ್ಥಿ ಮಿತ್ರರೇ, ಆ ಅಭ್ಯಾಸವನ್ನು ಮದ್ರಸದಲ್ಲಿ ಒಂದು, ಕಾಲೇಜಿನಲ್ಲಿ ಇನ್ನೊಂದು ಎಂದು ಬೇರ್ಪಡಿಸಬೇಡಿ. ಜಮಾಅತಿನ ಮನೆಗಳ ಪಟ್ಟಿಯಿರಲಿ, ಝಕಾತಿನ ಲೆಕ್ಕವಿರಲಿ, ಗ್ರಂಥಾಲಯದ ಪುಸ್ತಕಗಳಿರಲಿ, ಕಂಪ್ಯೂಟರ್ ಆನ್ ಮಾಡುವ ಮೊದಲು ಒಂದು ಖಾಲಿ ಹಾಳೆ ತೆಗೆದುಕೊಳ್ಳಿ. ಮೂರು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ಇರುವವರು ಯಾರು? ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವುದು ಯಾವುದು? ಅವರ ನಡುವಿನ ಸಂಬಂಧವೇನು? ಉತ್ತರಗಳನ್ನು ಚೌಕ, ವಜ್ರ, ಗೆರೆಗಳಲ್ಲಿ ಬರೆಯಿರಿ. ಅರ್ಧ ಗಂಟೆಯ ಕೆಲಸವಷ್ಟೆ.

ಆ ಹುಡುಗಿಯ ಶುಲ್ಕವನ್ನು ಕೊನೆಗೆ ದಂಡದೊಂದಿಗೆ ಕಟ್ಟಲಾಯಿತು. ಅಂದಿನಿಂದ ನಾನು ಮಾಡುವ ಪ್ರತಿ ಪಟ್ಟಿಯಲ್ಲೂ ಹೆಸರಿಗಿಂತ ಮೊದಲು ಒಂದು ಸಂಖ್ಯೆ ಇರುತ್ತದೆ. ಎರಡು ಹೆಸರುಗಳು ಒಂದೇ ರೀತಿ ಕಂಡಾಗಲೆಲ್ಲ ಅಳಿಸುವ ಮೊದಲು ಕೈ ತಡೆದು ಕೇಳಿಕೊಳ್ಳುತ್ತೇನೆ: ಯಾವ ಸುಫ್ಯಾನ್?