ದೊಡ್ಡವರಾದ ಮೇಲೆ ಆಟಿಸಂ ತಪಾಸಣೆ: ನಮ್ಮೂರಿನ ಚರಿತ್ರೆ ಹೇಳುವ ಪಾಠ



ಪ್ರತಿ ಧರ್ಮಕೇಂದ್ರದಲ್ಲೂ ಇಂಥ ಒಬ್ಬರು ಇರುತ್ತಾರೆ. ಹಬ್ಬದ ದಿನ ಬ್ಯಾಂಡು ಶುರುವಾದ ಕೂಡಲೇ ಕಿವಿ ಮುಚ್ಚಿಕೊಂಡು ಚರ್ಚಿನ ಹಿಂಬದಿಗೆ ಹೋಗುವ ಅಣ್ಣ. ಇಪ್ಪತ್ತು ವರ್ಷಗಳ ಹಬ್ಬದ ತಾರೀಕು, ವಾರ ಎಲ್ಲ ಬಾಯಲ್ಲೇ ಹೇಳಬಲ್ಲ, ಆದರೆ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಾಲ್ಕು ಜನರ ಜೊತೆ ನಿಂತು ಮಾತಾಡಲಾಗದ ಅಕ್ಕ. ನಾವು ಅವರಿಗೆ ಹೆಸರಿಟ್ಟಿದ್ದೇವೆ: ಅಹಂಕಾರಿ, ಮುಂಗೋಪಿ, ಅರೆಮರುಳು. ಕಿರುನಾಟಕದಲ್ಲಿ ಅವರ ನಡೆನುಡಿ ಅನುಕರಿಸಿ ಜನರನ್ನು ನಗಿಸಿದ್ದೂ ಇದೆ. ಅದು ತಪ್ಪೆಂದು ನಮಗೆ ತಡವಾಗಿ ಗೊತ್ತಾಯಿತು.

ಇಂಥವರಲ್ಲಿ ಕೆಲವರು ಈಗ ಮೊಬೈಲಿನಲ್ಲಿ ಓದಿ, ವಿಡಿಯೊ ನೋಡಿ, 'ನನಗಿರುವುದು ಆಟಿಸಂ ಆಗಿರಬಹುದೇ' ಎಂದು ಮೆಲ್ಲಗೆ ಕೇಳತೊಡಗಿದ್ದಾರೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: 'ತಪಾಸಣೆಗೆ ಹೋದರೆ ನನ್ನ ಹೆಸರು ಪಟ್ಟಿಗೆ ಸೇರುತ್ತದೆಯೇ?' ಬೇರೆ ಊರಿನವರಿಗೆ ಈ ಎರಡನೆಯ ಪ್ರಶ್ನೆ ಅರ್ಥವಾಗಲಿಕ್ಕಿಲ್ಲ. ಎಣ್ಮಕಜೆಯವರಿಗೆ ಅರ್ಥವಾಗುತ್ತದೆ. ಯಾಕೆಂದರೆ ನಮ್ಮಲ್ಲಿ ಶಿಬಿರ, ಪಟ್ಟಿ, ಸರ್ಟಿಫಿಕೇಟು ಎಂಬ ಮಾತುಗಳಿಗೆ ದೊಡ್ಡ ಚರಿತ್ರೆಯೇ ಇದೆ. ಅದನ್ನು ತಿಳಿಯದೆ ಈ ಭಯವನ್ನು ಬಿಡಿಸಲಾಗದು.

ಪಟ್ಟಿಯ ಊರು

1970ರ ದಶಕದ ಕೊನೆಯಿಂದ 2000ನೇ ಇಸವಿಯವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಕಾಸರಗೋಡು ಜಿಲ್ಲೆಯಲ್ಲಿ ಈ ತೋಟಗಳು ನಾಲ್ಕು ಸಾವಿರ ಹೆಕ್ಟೇರಿಗಿಂತ ಹೆಚ್ಚು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ತೋಡು, ಸುರಂಗದ ನೀರು. ಮೇಲೆ ಬಿದ್ದದ್ದು ಕೆಳಗೆ ಇಳಿಯಿತು. ಪಡ್ರೆ ಗ್ರಾಮದ ಪತ್ರಕರ್ತ ಶ್ರೀಪಡ್ರೆಯವರು ವಿಕಾರವಾಗಿ ಹುಟ್ಟುವ ಕರುಗಳ ಬಗ್ಗೆ ಬಹಳ ಮೊದಲೇ ಬರೆದರು. ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್, ಒಂದೇ ತೋಡಿನ ಆಸುಪಾಸಿನ ಮನೆಗಳಲ್ಲಿ ಮತ್ತೆ ಮತ್ತೆ ಕಾಣುವ ರೋಗಗಳನ್ನು ಗಮನಿಸಿ, ಬರೆದಿಟ್ಟು, ಹೊರಗಿನವರ ಕಣ್ಣು ಇತ್ತ ತಿರುಗುವಂತೆ ಮಾಡಿದರು. 1998ರಲ್ಲಿ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ ನ್ಯಾಯಾಲಯಕ್ಕೆ ಹೋದರು.

ಆಮೇಲೆ ತಜ್ಞರು ಬಂದರು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿಪರ ಆರೋಗ್ಯ ಸಂಸ್ಥೆಯವರು ಪಡ್ರೆಯ ಶಾಲಾ ಮಕ್ಕಳನ್ನು, ಸಿಂಪಡಣೆ ಇಲ್ಲದ ಮೀಂಜದ ಮಕ್ಕಳೊಂದಿಗೆ ಹೋಲಿಸಿ ನೋಡಿದರು. 2002ರಲ್ಲಿ ಬಂದ ಅವರ ವರದಿಯಲ್ಲಿ, ಕಲಿಕೆ ಮತ್ತು ನಡವಳಿಕೆಗೆ ಸಂಬಂಧಿಸಿದ ತೊಂದರೆಗಳು ಪಡ್ರೆಯಲ್ಲಿ ಹೆಚ್ಚು ಎಂದಿತ್ತು. ಇದನ್ನು ಸ್ವಲ್ಪ ನಿಂತು ಯೋಚಿಸೋಣ. ಅಂದು ಬೆಂಚಿನಲ್ಲಿ ಕುಳಿತಿದ್ದ ಆ ಮಕ್ಕಳಿಗೆ ಈಗ ಮೂವತ್ತು ದಾಟಿದೆ. ಅವರು ಈಗ ನಮ್ಮ ಅಣ್ಣಂದಿರು, ಅಕ್ಕಂದಿರು, ಕೆಲವು ಮಕ್ಕಳ ಅಪ್ಪ ಅಮ್ಮ.

2010ರಿಂದ ವಿಶೇಷ ವೈದ್ಯಕೀಯ ಶಿಬಿರಗಳು ನಡೆದವು, ಸಂತ್ರಸ್ತರ ಪಟ್ಟಿ ತಯಾರಾಯಿತು. ಹಾಸಿಗೆ ಹಿಡಿದವರು, ಬುದ್ಧಿಮಾಂದ್ಯರು, ಅಂಗವಿಕಲರು, ಕ್ಯಾನ್ಸರ್ ಪೀಡಿತರು, ಇತರರು ಎಂಬ ವಿಭಾಗಗಳಿದ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು 3 ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. ಅದೇ ವರ್ಷದ ಶಿಬಿರದಲ್ಲಿ ಮೊದಲು ಆಯ್ಕೆಯಾದ ಬಹಳ ಮಂದಿ ಅಂತಿಮ ಪಟ್ಟಿಯಲ್ಲಿ ಇರಲಿಲ್ಲ. 2019ರ ಆರಂಭದಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಕುಳಿತದ್ದು ಇದಕ್ಕಾಗಿಯೇ.

ಹೀಗೆ ನಮ್ಮವರು ಎರಡು ಪಾಠ ಕಲಿತರು. ಒಂದು, ಬರಹದಲ್ಲಿ ಇಲ್ಲದವರನ್ನು ಸರಕಾರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಂದು, ತಪಾಸಣೆ ಎಂದರೆ ಸಾಲಿನಲ್ಲಿ ನಿಂತು, ಅಪರಿಚಿತರ ಮುಂದೆ ತಮ್ಮ ಕಷ್ಟವನ್ನು ರುಜುವಾತು ಮಾಡುವುದು. ಮೊದಲನೆಯ ಪಾಠ ಸರಿ. ಎರಡನೆಯದು ಆಟಿಸಂ ತಪಾಸಣೆಗೆ ಸರಿಹೊಂದುವುದಿಲ್ಲ. ಈ ಪಟ್ಟಿಗಳ ನಡುವೆ ಇನ್ನೂ ಒಂದು ಗುಂಪು ಬಿಟ್ಟುಹೋಯಿತು: ಶಾಲೆಗೆ ಹೋದವರು, ಕೆಲಸಕ್ಕೂ ಹೋಗುವವರು, ಕೈಕಾಲು ಗಟ್ಟಿಯಿರುವವರು, ಆದರೂ ಜನರ ನಡುವೆ ಬದುಕುವುದು ಪ್ರತಿದಿನ ಹೋರಾಟವಾಗಿರುವವರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ಹೊರಗೂ ಕೇಳಿರಲಿಲ್ಲ

ಇದು ನಮ್ಮೂರಿನ ಲೋಪ ಮಾತ್ರವಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಡಾ. ಲಿಯೊ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದು ಆಟಿಸಂಗೆ ರೂಪ ಕೊಟ್ಟರು. ಮಕ್ಕಳ ಮೇಲೇ ಬರೆದದ್ದರಿಂದ ಅದು ಮಕ್ಕಳ ಕಾಯಿಲೆ ಎಂಬ ನಂಬಿಕೆ ಉಳಿಯಿತು. ಆ ಹನ್ನೊಂದರಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ಅವನು ಬೆಳೆದು ದೊಡ್ಡವನಾಗಿ, ತನ್ನ ಚಿಕ್ಕ ಊರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ದುಡಿದು, ಗಾಲ್ಫ್ ಆಡಿ, ದೇಶ ಸುತ್ತಿ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ. ಅವನ ಊರಿನವರು ಅವನನ್ನು ಅವನಿರುವಂತೆಯೇ ಒಪ್ಪಿಕೊಂಡಿದ್ದರು. ಆಟಿಸಂ ಇರುವ ಮಗು ಆಟಿಸಂ ಇರುವ ಮುದುಕನೂ ಆಗುತ್ತದೆ ಎಂಬ ಸರಳ ಸತ್ಯಕ್ಕೆ ಬೇರೆ ಸಾಕ್ಷಿ ಬೇಡ.

ನಡುವೆ ಒಂದು ಕ್ರೂರ ಕಾಲವೂ ಬಂತು. ತಾಯಿಯ ಪ್ರೀತಿ ಸಾಲದೆ ಮಗು ಹೀಗಾಯಿತು ಎಂದು ವೈದ್ಯರೇ ದೂರಿದರು. 1977ರಲ್ಲಿ ಅವಳಿಗಳ ಮೇಲೆ ನಡೆದ ಅಧ್ಯಯನ ಇದರ ಬೇರು ಹುಟ್ಟಿನಲ್ಲೇ ಇದೆ ಎಂದು ತೋರಿಸಿತು. 1981ರಲ್ಲಿ ಇಂಗ್ಲೆಂಡಿನ ಡಾ. ಲೋರ್ನಾ ವಿಂಗ್, ಚೆನ್ನಾಗಿ ಮಾತಾಡಬಲ್ಲ ಆದರೆ ಜನರೊಂದಿಗೆ ಬೆರೆಯಲು ಕಷ್ಟಪಡುವವರತ್ತ ಗಮನ ಸೆಳೆದರು. 2013ರಲ್ಲಿ ಈ ಎಲ್ಲ ಬಗೆಗಳನ್ನೂ ಒಂದೇ ಹೆಸರಿನಡಿ ತಂದರು. ಹಾಗಾಗಿ 1985ರಲ್ಲಿ ಪೆರ್ಲದಲ್ಲೋ ಶೇಣಿಯಲ್ಲೋ ಶಾಲೆಗೆ ಹೋಗುತ್ತಿದ್ದ ಜಾಣ, ಮೌನಿ ಹುಡುಗಿಯ ಆಟಿಸಂ ಅಂದು ಲಂಡನ್ನಿನಲ್ಲಿದ್ದರೂ ಪತ್ತೆಯಾಗುವುದು ಅಪರೂಪವಾಗಿತ್ತು.

ನಮ್ಮ ದೇಶದ ಕಾನೂನೂ ತಡವಾಗಿಯೇ ಎಚ್ಚೆತ್ತಿತು. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. 1999ರ ನ್ಯಾಶನಲ್ ಟ್ರಸ್ಟ್ ಕಾಯಿದೆಯಲ್ಲಿ ಬಂತು. 2009ರಲ್ಲಿ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಭಾರತಕ್ಕೆಂದೇ ಒಂದು ಅಳತೆಗೋಲು ರೂಪಿಸಿತು. ಅದನ್ನು 'ಐಎಸ್‌ಎಎ' ಎನ್ನುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವಿಭಾಗಗಳಲ್ಲಿ ಆಟಿಸಂಗೆ ತನ್ನದೇ ಸ್ಥಾನ ಸಿಕ್ಕಿತು. ಈಗ 35 ವರ್ಷ ಆದವರ ಬಾಲ್ಯ 2016ರ ಕಾಯಿದೆ ಬರುವ ಮೊದಲೇ ಮುಗಿದಿತ್ತು. ಅವರು ತಪಾಸಣೆ ತಪ್ಪಿಸಿಕೊಂಡವರಲ್ಲ. ಅವರ ಬಾಲ್ಯದಲ್ಲಿ ಇಲ್ಲಿ ತಪಾಸಣೆ ಸಿಗುವುದೇ ಅಪರೂಪವಾಗಿತ್ತು.

ಹೋದರೆ ಏನಾಗುತ್ತದೆ?

ಮೊದಲು ಹೋಗಬೇಕಾದದ್ದು ಮನೋವೈದ್ಯರ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟರ ಬಳಿಗೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್, ಮಂಗಳೂರಿನ ಮೆಡಿಕಲ್ ಕಾಲೇಜುಗಳ ಮನೋವೈದ್ಯ ವಿಭಾಗ, ದೂರವಾದರೂ ಬೆಂಗಳೂರಿನ ನಿಮ್ಹಾನ್ಸ್ ಇವು ನಮ್ಮವರಿಗೆ ಇರುವ ದಾರಿಗಳು. ಹೊರಡುವ ಮುಂಚೆ ಫೋನ್ ಮಾಡಿ, 'ದೊಡ್ಡವರಿಗೂ ಆಟಿಸಂ ತಪಾಸಣೆ ಮಾಡುತ್ತೀರಾ' ಎಂದು ಕೇಳಿ. ಎಷ್ಟೋ ಕಡೆ ಮಕ್ಕಳಿಗೆ ಮಾತ್ರ ಇರುತ್ತದೆ. ಎಲ್ಲಿಂದ ಶುರು ಮಾಡುವುದೆಂದೇ ತಿಳಿಯದಿದ್ದರೆ ಸರಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ನಮ್ಮಲ್ಲಿ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿದಾಗ ಅದರ ಕಷ್ಟ ಎಲ್ಲರಿಗೂ ತಿಳಿಯಿತು. 2013ರಲ್ಲಿ ಅಡಿಗಲ್ಲು ಬಿದ್ದ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಪೂರ್ತಿಯಾಗಿ ಬೆಳೆಯಬೇಕೆಂದು ನಾವು ಕೇಳುವುದು ಇಂಥ ಕಾರಣಕ್ಕೂ ಹೌದು.

ರಕ್ತಪರೀಕ್ಷೆಯಿಂದಾಗಲಿ ಸ್ಕ್ಯಾನಿಂಗಿನಿಂದಾಗಲಿ ಆಟಿಸಂ ಗೊತ್ತಾಗುವುದಿಲ್ಲ. ತಪಾಸಣೆಯ ಹೆಚ್ಚಿನ ಪಾಲು ಮಾತುಕತೆ. ಸದ್ದು, ಬೆಳಕು, ಬಟ್ಟೆ, ಊಟದ ಬಗ್ಗೆ ಕೇಳುತ್ತಾರೆ. ಗೆಳೆತನ, ಕೆಲಸ, ದಿನಚರಿ ತಪ್ಪಿದಾಗ ಆಗುವ ಸಂಕಟ, ಇಷ್ಟದ ವಿಷಯಗಳ ಬಗ್ಗೆ ಕೇಳುತ್ತಾರೆ. ಪ್ರಶ್ನೆಪಟ್ಟಿ ತುಂಬಿಸಲು ಕೊಡಬಹುದು. ಖಿನ್ನತೆ, ಆತಂಕ, ಎಡಿಎಚ್‌ಡಿ, ಕಿವಿಯ ದೋಷ ಇತ್ಯಾದಿ ಇದೆಯೇ ಎಂದೂ ನೋಡುತ್ತಾರೆ; ಇವು ಆಟಿಸಂನಂತೆ ಕಾಣಬಹುದು, ಅದರ ಜೊತೆಗೂ ಇರಬಹುದು. ಇದು ಒಂದೇ ದಿನದಲ್ಲಿ ಮುಗಿಯಲಿಕ್ಕಿಲ್ಲ. ಎರಡು ಮೂರು ಸಲ ಹೋಗಲು ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಬಾಲ್ಯದ ವಿವರ. ಆಟಿಸಂ ಚಿಕ್ಕಂದಿನಿಂದಲೇ ಇರುವಂಥದ್ದು, ಹಾಗಾಗಿ 'ಮೊದಲ ಮಾತು ಯಾವಾಗ ಬಂತು, ಇತರ ಮಕ್ಕಳ ಜೊತೆ ಹೇಗೆ ಆಡುತ್ತಿದ್ದರು' ಎಂದು ವೈದ್ಯರು ಕೇಳುತ್ತಾರೆ. ಅಮ್ಮ, ದೊಡ್ಡಮ್ಮ ಅಥವಾ ಹಿರಿಯಕ್ಕ ಜೊತೆಗಿದ್ದರೆ ಒಳ್ಳೆಯದು. ಯಾರೂ ಇಲ್ಲದಿದ್ದರೂ ಹೋಗಬಹುದು. ಹಳೆಯ ಮಾರ್ಕ್ಸ್ ಕಾರ್ಡ್, ಟೀಚರ್ ಬರೆದ ಮಾತು, ಫೋಟೊ ಕೊಂಡುಹೋಗಿ. ನಿಮಗೆ ನೆನಪಿರುವುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಎದುರು ಕೂತಾಗ ಬಾಯಿ ಕಟ್ಟಿದರೆ ಆ ಹಾಳೆಯೇ ಮಾತಾಡುತ್ತದೆ.

ಭಾಷೆಯ ಮಾತೂ ಇದೆ. 1956ರಿಂದ ನಾವು ಕೇರಳದವರು. ಮನೆಯಲ್ಲಿ ಕೊಂಕಣಿ ಅಥವಾ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಬಾರದ ಭಾಷೆಯಲ್ಲಿ ತಡವರಿಸಿದ್ದನ್ನು ರೋಗಲಕ್ಷಣವೆಂದು ಯಾರೂ ತಿಳಿಯಬಾರದು. 'ನನಗೆ ಈ ಭಾಷೆಯಲ್ಲಿ ಮಾತಾಡಲು ಸುಲಭ' ಎಂದು ಮೊದಲೇ ಹೇಳಿ. ಅದು ಉಪದ್ರ ಕೊಟ್ಟಂತಲ್ಲ, ತಪಾಸಣೆ ಸರಿಯಾಗಲು ಬೇಕಾದದ್ದು.

ವರದಿ ಬೇರೆ, ಸರ್ಟಿಫಿಕೇಟು ಬೇರೆ

ಕೊನೆಗೆ ಸಿಗುವ ವರದಿ ನಿಮ್ಮದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಂತೆ ವೈದ್ಯರು ನಿಮ್ಮ ವಿಷಯವನ್ನು ಗುಟ್ಟಾಗಿ ಇಡಬೇಕು. ಅದು ಪಂಚಾಯತಿನ ಗೋಡೆಗೆ ಅಂಟಿಸುವ ಪಟ್ಟಿಯಲ್ಲ. ಮನೆಯವರಿಗೆ ಹೇಳಬೇಕೇ, ಗುರುಗಳಿಗೆ ಹೇಳಬೇಕೇ ಎಂದು ತೀರ್ಮಾನಿಸುವವರು ನೀವೇ.

ಅಂಗವೈಕಲ್ಯದ ಸರ್ಟಿಫಿಕೇಟು ಮತ್ತು ಯುಡಿಐಡಿ ಕಾರ್ಡ್ ಬೇಕಿದ್ದರೆ ಮಾತ್ರ ಬೇರೆಯಾಗಿ ಅರ್ಜಿ ಹಾಕಿ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಅಲ್ಲಿ ಬಳಸುವುದು ಐಎಸ್‌ಎಎ. ಅದರಲ್ಲಿ 40 ಅಂಶಗಳು, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕೆಳಗಿದ್ದರೆ ಅದರ ಪ್ರಕಾರ ಆಟಿಸಂ ಇಲ್ಲ. ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ 40 ಶೇಕಡ ವೈಕಲ್ಯ ದಾಖಲಾಗಿರಬೇಕು. ವರ್ಷಗಟ್ಟಲೆ ತನ್ನ ಕಷ್ಟವನ್ನು ಮುಚ್ಚಿಟ್ಟು ಬದುಕಲು ಕಲಿತವರಿಗೆ ಇಲ್ಲಿ ಅಂಕ ಕಡಿಮೆ ಬರಬಹುದು. ಸರ್ಟಿಫಿಕೇಟು ಸಿಗದಿದ್ದರೆ ನಿಮ್ಮ ಕಷ್ಟ ಸುಳ್ಳೆಂದು ಅರ್ಥವಲ್ಲ.

ಇನ್ನೊಂದು ಪ್ರಶ್ನೆ ನಮ್ಮೂರಿನಲ್ಲಿ ಬಂದೇ ಬರುತ್ತದೆ: 'ಇದು ಎಂಡೋಸಲ್ಫಾನಿನಿಂದ ಆದದ್ದೇ?' 2007ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನ, ಎಂಡೋಸಲ್ಫಾನ್ ಸೇರಿದ ಗುಂಪಿನ ಕೀಟನಾಶಕ ಬಳಸುವ ಹೊಲಗಳ ಹತ್ತಿರ ಗರ್ಭಿಣಿಯರಾಗಿದ್ದವರ ಮಕ್ಕಳಲ್ಲಿ ಆಟಿಸಂ ಹೆಚ್ಚು ಕಂಡಿತು ಎಂದಿತ್ತು. ಅದು ನಂಟನ್ನು ತೋರಿಸಿತು, ಅದೇ ಕಾರಣ ಎಂದು ರುಜುಪಡಿಸಲಿಲ್ಲ. ಒಬ್ಬ ವ್ಯಕ್ತಿಯ ತಪಾಸಣೆಯಲ್ಲಿ 'ಇಂಥದರಿಂದ ಆಯಿತು' ಎಂದು ಯಾವ ವೈದ್ಯರೂ ಹೇಳಲಾರರು. ವಿಷ ಸುರಿಯದ ಊರುಗಳಲ್ಲೂ ಆಟಿಸಂ ಇರುವವರಿದ್ದಾರೆ. ಪರಿಹಾರದ ನಿರೀಕ್ಷೆಯಿಂದ ಹೋದರೆ ನಿರಾಸೆಯಾದೀತು. ತನ್ನನ್ನು ತಾನು ತಿಳಿಯಲು ಹೋದರೆ ಏನಾದರೂ ಸಿಕ್ಕೀತು.

'ಆಟಿಸಂ ಅಲ್ಲ' ಎಂಬ ಉತ್ತರವೂ ಬರಬಹುದು. ಆಗ 'ಹಾಗಾದರೆ ನನ್ನ ಕಷ್ಟಕ್ಕೆ ಕಾರಣವೇನು' ಎಂದು ಕೇಳಿ ಬನ್ನಿ. 'ಹೌದು' ಎಂದರೆ ಕೆಲವರಿಗೆ ಹಗುರ, ಕೆಲವರಿಗೆ ಕಳೆದುಹೋದ ವರ್ಷಗಳ ದುಃಖ, ಹೆಚ್ಚಿನವರಿಗೆ ಎರಡೂ. ಆಟಿಸಂ ಗುಣವಾಗುವ ರೋಗವಲ್ಲ, ಗುಣಪಡಿಸುತ್ತೇವೆ ಎಂದು ದುಡ್ಡು ಕೇಳುವವರ ಬಳಿ ಹೋಗಬೇಡಿ.

ನಾವು ಮಾಡಬಹುದಾದದ್ದು

ಮಿತ್ರರೇ, ಡಾ. ಮೋಹನ ಕುಮಾರರ ಬಳಿ ದೊಡ್ಡ ಯಂತ್ರಗಳಿರಲಿಲ್ಲ. ಅವರು ಕೇಳಿದರು, ನಂಬಿದರು, ಬರೆದಿಟ್ಟರು. ಎಣ್ಮಕಜೆಯ ಚರಿತ್ರೆ ತಿರುಗಿದ್ದು ಅಲ್ಲಿಂದ. ನಾವೂ ಅಷ್ಟು ಮಾಡಬಹುದು. ಯಾರಿಗೂ ನಾವಾಗಿ 'ನಿನಗೆ ಆಟಿಸಂ' ಎಂದು ಹಣೆಪಟ್ಟಿ ಹಚ್ಚುವುದು ಬೇಡ. ಆದರೆ ಯಾರಾದರೂ ಹೇಳಿಕೊಂಡರೆ ನಗದೆ ಕೇಳೋಣ. ಒಬ್ಬರೇ ಮಂಗಳೂರಿನ ಬಸ್ ಹತ್ತಲು ಹೆದರಿದರೆ ಜೊತೆಗೆ ಹೋಗೋಣ. ಹಬ್ಬದ ದಿನ ಸದ್ದಿಲ್ಲದ ಒಂದು ಕೋಣೆಯನ್ನು ತೆರೆದಿಡಲು ಗುರುಗಳನ್ನು, ಗುರಿಕಾರರನ್ನು ಕೇಳೋಣ.

ಬ್ಯಾಂಡಿನ ಸದ್ದಿಗೆ ಚರ್ಚಿನ ಹಿಂದೆ ಹೋಗಿ ನಿಂತ ಆ ಅಣ್ಣ ಹಬ್ಬ ಬಿಟ್ಟು ಹೋದವನಲ್ಲ. ಇಷ್ಟು ವರ್ಷ ಅವನು ಅಲ್ಲಿಂದಲೇ ಹಬ್ಬ ಮಾಡಿದ್ದಾನೆ. ಈ ಸಲ ಅವನ ಪಾಲಿನ ಊಟವನ್ನು ಅಲ್ಲಿಗೇ ಕೊಂಡುಹೋಗಿ, ಅವನಿಗೆ ಸರಿ ಎನಿಸಿದರೆ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ.