ಹೆಣ್ಣುಮಕ್ಕಳ ಹೊಸ ಹೆಸರುಗಳು: ಒಂದು ಇತಿಹಾಸ ವಿಚಾರ

ಕೂಸನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರನ್ನು ಉಸುರುವ ಸಂಸ್ಕಾರವು ಕನ್ನಡ ನಾಡಿನಲ್ಲಿ ಬಹು ಪುರಾತನವಾದುದು. ಸಂಸ್ಕಾರವು ಹಾಗೆಯೇ ಉಳಿದಿದೆ. ಉಸುರುವ ಹೆಸರು ಮಾತ್ರ ಬದಲಾಗಿದೆ. ತಂದೆಯ ಹೆಸರಿನ ಮೊದಲಕ್ಷರಕ್ಕೆ ತಾಯಿಯ ಹೆಸರಿನ ಕಡೆಯಕ್ಷರವನ್ನು ಕೂಡಿಸಿ ಕಟ್ಟಿದವು, ‘ಇಕಾ’, ‘ಇಶಾ’, ‘ನ್ವಿ’ ಎಂಬ ತುದಿಗಳನ್ನು ಹಚ್ಚಿ ಮಾಡಿದವು, ಯಾವ ನಿಘಂಟಿನಲ್ಲಿಯೂ ಕಾಣದವು, ಇಂಥ ಹೆಸರುಗಳು ಇಂದು ಹೆಣ್ಣುಕೂಸುಗಳ ಪಾಲಿಗೆ ಹೇರಳವಾಗಿ ಬಂದಿವೆ. ಅಜ್ಜಿಯ ನಾಲಗೆಯಲ್ಲಿ ಹೊರಳದ ಹೆಸರು ಮೊಮ್ಮಗಳಿಗೆ ಏತಕ್ಕೆಂದು ಹಿರಿಯರು ಕೇಳುವರು. ಊರಲ್ಲಿ ಮತ್ತೊಬ್ಬಳಿಗಿರದ ಹೆಸರೇ ಬೇಕೆಂದು ಕಿರಿಯರು ಹೇಳುವರು. ಈ ವಾದದ ಬಲಾಬಲವನ್ನು ಅರಿಯಬೇಕಾದರೆ ಹಳೆಯ ಹೆಸರುಗಳು ಹೇಗೆ ಹುಟ್ಟಿದವೆಂಬದನ್ನು ಮೊದಲು ನೋಡುವದು ಅವಶ್ಯ.

ನಾಮಕರಣಕ್ಕೆ ಶಾಸ್ತ್ರದ ಕಟ್ಟಳೆಗಳು ಇಲ್ಲದಿಲ್ಲ. ಹೆಣ್ಣಿನ ಹೆಸರು ಬೆಸ ಸಂಖ್ಯೆಯ ಅಕ್ಷರಗಳುಳ್ಳದ್ದೂ ಆಕಾರಾಂತವೂ ಆಗಿರಬೇಕೆಂದು ಪಾರಸ್ಕರ ಗೃಹ್ಯಸೂತ್ರವು ವಿಧಿಸುತ್ತದೆ. ಅದು ಸುಖವಾಗಿ ಉಚ್ಚರಿಸಲು ಬರುವಂಥದು, ಅರ್ಥಸ್ಪಷ್ಟವಾದುದು, ಮಂಗಳಕರವಾದುದು ಆಗಿರಬೇಕೆಂಬದು ಮನುಸ್ಮೃತಿಯ ಮತ. ಅದೇ ಸ್ಮೃತಿಯು ನಕ್ಷತ್ರ, ವೃಕ್ಷ, ನದಿ ಇವುಗಳ ಹೆಸರುಳ್ಳ ಕನ್ಯೆಯನ್ನು ವರಿಸಬಾರದೆಂದೂ ಹೇಳಿದೆ. ಆದರೆ ರೋಹಿಣಿ ರೇವತಿಯರಿಲ್ಲದ, ಗಂಗಾ ಯಮುನೆ ಕಾವೇರಿ ತುಂಗೆಯರಿಲ್ಲದ ಊರು ಎಲ್ಲಿದೆ? ಅವರ ಮದುವೆಗಳೂ ನಿಲ್ಲಲಿಲ್ಲ. ಹೆಸರಿಡುವಲ್ಲಿ ಶಾಸ್ತ್ರಕ್ಕಿಂತ ರೂಢಿಯೂ ರೂಢಿಗಿಂತ ವಾತ್ಸಲ್ಯವೂ ಬಲವತ್ತರವಾಗಿದ್ದುವೆಂಬದು ಇದರಿಂದ ವಿದಿತವಾಗುವದು.

ಶಾಸನಗಳನ್ನು ತೆರೆದು ನೋಡಿದರೆ ಬೇರೊಂದು ಲೋಕವೇ ಕಾಣುತ್ತದೆ. 10ನೆಯ ಶತಮಾನದ ಆದಿಯಲ್ಲಿ ನಾಗರಖಂಡದ ನಾಳ್ಗಾವುಂಡಿಕೆಯನ್ನು ನಡೆಸಿದ ಜಕ್ಕಿಯಬ್ಬೆ, ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ: ಇವರೆಲ್ಲರ ಹೆಸರುಗಳ ತುದಿಯಲ್ಲಿ ‘ಅಬ್ಬೆ’ ಎಂಬ ಅಚ್ಚಗನ್ನಡ ಶಬ್ದವಿದೆ. ಅಬ್ಬೆಯೆಂದರೆ ತಾಯಿ. ಜಕ್ಕಿಯೆಂಬದು ಯಕ್ಷಿಯ ತದ್ಭವ. ಆಡುವ ಎಳೆಯ ಹುಡುಗಿಯನ್ನೂ ತಾಯಿಯೆಂದೇ ಕರೆದ ಕಾಲವದು. ರನ್ನ ಕವಿಯು 993ರಲ್ಲಿ ಅಜಿತಪುರಾಣವನ್ನು ರಚಿಸಿ ತನ್ನ ಆಶ್ರಯದಾತೆಯಾದ ಅತ್ತಿಮಬ್ಬೆಯನ್ನು ಕೀರ್ತಿಸಿದ್ದಲ್ಲದೆ, ತನ್ನ ಮಗಳಿಗೂ ಅತ್ತಿಮಬ್ಬೆಯೆಂದು ಹೆಸರಿಟ್ಟನು. ಚಾವುಂಡರಾಯನ ನೆನಪಿಗಾಗಿ ಮಗನಿಗೆ ರಾಯನೆಂದು ಕರೆದನು. ಹೆಸರು ಅಂದು ಒಂದು ಋಣಪತ್ರವಾಗಿತ್ತು. ಮಗಳನ್ನು ಕೂಗಿದಾಗಲೆಲ್ಲ ಕವಿಯ ಮನೆಯಲ್ಲಿ ಉಪಕಾರಸ್ಮರಣೆಯಾಗುತ್ತಿತ್ತು.

ಆದರೆ ಈ ಅಬ್ಬೆಯರ ಕಾಲದಲ್ಲಿಯೂ ಹೆಸರಿನ ಬೆಡಗು ನಿಂತ ನೀರಾಗಿರಲಿಲ್ಲ. ಚಾವುಂಡರಾಯನ ತಾಯಿ ಕಾಳಲದೇವಿ, ವಿಷ್ಣುವರ್ಧನನ ತಾಯಿ ಏಚಲದೇವಿ, ಆರನೆಯ ವಿಕ್ರಮಾದಿತ್ಯನ ರಾಣಿ ಚಂದಲದೇವಿ, ಮತ್ತೆ ಮೈಲಲದೇವಿ, ಕೇತಲದೇವಿ: 10ನೆಯ ಶತಮಾನದಿಂದ 12ನೆಯ ಶತಮಾನದವರೆಗೆ ‘ಅಲ’ ಎಂಬ ತುದಿಯು ಅರಮನೆಗಳಲ್ಲಿ ಎಷ್ಟು ಪ್ರಿಯವಾಗಿದ್ದಿತೆಂಬದಕ್ಕೆ ಈ ಸಾಲೇ ಸಾಕ್ಷಿ. ಇವುಗಳೆಲ್ಲಕ್ಕಿಂತ ಬೋಧಪ್ರದವಾದ ಉದಾಹರಣೆಯು ಶ್ರವಣಬೆಳಗೊಳದ ಶಾಸನಗಳಲ್ಲಿದೆ. ತಾಯಿಯ ಹೆಸರು ಮಾಚಿಕಬ್ಬೆ. 1131ರಲ್ಲಿ ತೀರಿಕೊಂಡ ಆಕೆಯ ಮಗಳು, ಹೊಯ್ಸಳರ ಪಟ್ಟದರಸಿ, ಶಾಂತಲದೇವಿ. ಒಂದೇ ತಲೆಮಾರಿನಲ್ಲಿ ‘ಅಬ್ಬೆ’ ಹೋಗಿ ‘ಅಲದೇವಿ’ ಬಂದಿತು. ಇಂದು ಹಿರಿಯರಿಗೆ ಹಳಮೆಯ ಗುರುತಾಗಿರುವ ಶಾಂತಲೆಯೆಂಬ ಹೆಸರು ತಾಯಿಯ ಹೆಸರಿನ ಪಕ್ಕದಲ್ಲಿ ಹೊಸ ಬೆಡಗಿನದೇ ಆಗಿದ್ದಿತು.

ಕವಿಗಳಂತೂ ಹೆಸರುಗಳನ್ನು ಕಟ್ಟುವದರಲ್ಲಿ ನಿರಂಕುಶರು. ಮೇಲೆ ಹೇಳಿದ ಚಂದಲದೇವಿಯು ಕರಹಾಟದ ಶಿಲಾಹಾರರ ಕುವರಿ. ಬಿಲ್ಹಣನು ತನ್ನ ವಿಕ್ರಮಾಂಕದೇವಚರಿತದಲ್ಲಿ ಆಕೆಯನ್ನು ಚಂದ್ರಲೇಖೆಯೆಂದು ಕರೆದನು. ಇತ್ತೀಚೆಗೆ ಈ ಕೆಲಸವು ಕಾದಂಬರಿಗಳ ಪಾಲಿಗೆ ಬಂದಿತು. ಬಂಕಿಮಚಂದ್ರರ ಮೃಣಾಲಿನಿ, ಇಂದಿರಾ, ರಜನೀ ಇವರು ಬಂಗಾಲದಾಚೆಗೂ ಮನೆಮಾತಾದರು. ಆ ಕಾದಂಬರಿಕಾರರನ್ನು ಕನ್ನಡಿಗರಿಗೆ ಪರಿಚಯ ಮಾಡಿಕೊಟ್ಟವರು ಬಿ. ವೆಂಕಟಾಚಾರ್ಯರು. 1899ರಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ಕಾದಂಬರಿಯ ನಾಯಿಕೆಯೂ ಇಂದಿರಾಬಾಯಿಯೇ. 1938ರಲ್ಲಿ ಹುಟ್ಟಿ ಮುಂದೆ ಹೆಸರಾಂತ ಲೇಖಿಕೆಯಾದ ನವನೀತಾ ದೇವ ಸೇನರಿಗೆ ಆ ಹೆಸರನ್ನು ಕೊಟ್ಟವರು ರವೀಂದ್ರನಾಥ ಠಾಕೂರರು. ‘ಹೊಸದಾಗಿ ತರಲ್ಪಟ್ಟವಳು’ ಎಂಬದು ಅದರ ಅರ್ಥ. ಅದೂ ಕಟ್ಟಿದ ಹೆಸರೇ. ಆದರೆ ಕಟ್ಟಿದವರಿಗೆ ಶಬ್ದದ ಬೆಲೆ ಗೊತ್ತಿದ್ದಿತು.

ಅರಮನೆ ಮತ್ತು ಕಾವ್ಯಗಳ ಆಚೆಗಿನ ಸಾಮಾನ್ಯ ಮನೆಗಳ ಕಥೆಯು ಬೇರೆ. ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಮೃತ್ಯುವಿನ ಕಣ್ಣು ತಪ್ಪಿಸಲು ಕೂಸನ್ನು ತಿಪ್ಪೆಯ ಮೇಲಿಟ್ಟು ಎತ್ತಿಕೊಂಡು ತಿಪ್ಪವ್ವನೆಂದು ಕರೆದರು. ಆ ಒರಟು ಹೆಸರಿನ ಒಳಗೆ ಮಮತೆಯೇ ಇದ್ದಿತು. ಮೇಲಿಂದ ಮೇಲೆ ಹೆಣ್ಣೇ ಹುಟ್ಟಿದಾಗ ಇಟ್ಟ ಸಾಕವ್ವ, ಸಾಕಮ್ಮ ಎಂಬ ಹೆಸರುಗಳ ಮಾತು ಹಾಗಲ್ಲ. ‘ಇನ್ನು ಸಾಕು’ ಎಂದು ದೇವರಿಗೆ ಹೇಳಿದ ಮಾತನ್ನು ಆ ಹುಡುಗಿಯು ಜೀವಮಾನವೆಲ್ಲ ಹೊತ್ತು ತಿರುಗಬೇಕಾಯಿತು. ಪೋಷಿಸು ಎಂಬ ಅರ್ಥವೂ ‘ಸಾಕು’ ಶಬ್ದಕ್ಕೆ ಇದೆಯೆಂಬದೊಂದೇ ಸಮಾಧಾನ. ಇದಲ್ಲದೆ ಉತ್ತರ ಕರ್ನಾಟಕ, ಕರಾವಳಿ ಹಾಗೂ ಮಹಾರಾಷ್ಟ್ರದ ಹಲವು ಮನೆತನಗಳಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿಯನ್ನು ಹರವಿ, ವಧುವಿನ ಹೊಸ ಹೆಸರನ್ನು ಅದರಲ್ಲಿ ಉಂಗುರದಿಂದ ಬರೆಯುವ ಪದ್ಧತಿಯುಂಟು. ತವರಿನ ಹೆಸರು ಅಲ್ಲಿಗೆ ಮುಗಿಯಿತು. ಹೆಣ್ಣಿನ ಹೆಸರು ಆಕೆಯ ಸ್ವತ್ತೆಂಬ ಭಾವನೆಯು ಬಲವಾಗಿ ಬೇರೂರಲು ಇಂಥ ಮನೆತನಗಳಲ್ಲಿ ಅವಕಾಶವೇ ಇರಲಿಲ್ಲ.

ಹೆಸರಿಗೆ ಸ್ಥಿರತೆ ಬಂದುದು ಕಾಗದಪತ್ರಗಳಿಂದ. ಶಾಲೆಯ ದಾಖಲೆ, ಪರೀಕ್ಷೆಯ ಪ್ರಮಾಣಪತ್ರ, 1969ರ ಜನನ ಮರಣ ನೋಂದಣಿ ಕಾನೂನು, ಇವುಗಳಿಂದಾಗಿ ತೊಟ್ಟಿಲಲ್ಲಿಟ್ಟ ಹೆಸರು ಬಾಳಿನ ಕೊನೆಯವರೆಗೂ ನಡೆಯುವಂತಾಯಿತು. ಆದುದರಿಂದಲೇ ಇಂದಿನ ತಂದೆತಾಯಿಗಳು ಹೆಸರಿಗಾಗಿ ಇಷ್ಟು ಹುಡುಕಾಡುವರು. ಈ ಹುಡುಕಾಟದಲ್ಲಿ ಎಡವುವದೂ ಉಂಟು. ಜಹ್ನುಮುನಿಯ ಮಗಳೆಂದು ಗಂಗೆಗೆ ಬಂದ ಜಾಹ್ನವಿಯೆಂಬ ಹೆಸರು ‘ಜಾನ್ವಿ’ಯಾಗಿ ತನ್ನ ತಂದೆಯನ್ನೇ ಕಳೆದುಕೊಂಡಿದೆ. ವೀರಶೈವ ಗುರುಗಳ ಬಿರುದಾಗಿ ಬಂದ ‘ಆರಾಧ್ಯ’ವು ಸ್ತ್ರೀಪ್ರತ್ಯಯವಿಲ್ಲದೆಯೇ ಹೆಣ್ಣುಕೂಸುಗಳ ಹೆಸರಾಗಿದೆ. ಲತೆಯನ್ನು ಲತಿಕೆಯನ್ನಾಗಿ ಮಾಡುವ ‘ಇಕಾ’ ಎಂಬ ತುದಿಯು ಸಂಸ್ಕೃತದಲ್ಲಿ ಅಲ್ಪತ್ವವನ್ನೋ ಅಕ್ಕರೆಯನ್ನೋ ಸೂಚಿಸತಕ್ಕದ್ದು. ಅದರ ಹಿಂದೆ ಅರ್ಥವುಳ್ಳ ಶಬ್ದವೇ ಇಲ್ಲದಿದ್ದರೆ ಅಕ್ಕರೆಯು ಯಾವುದರ ಮೇಲೆ ನಿಂತೀತು? ಹಿರಿಯರ ಆಕ್ಷೇಪಣೆಯಲ್ಲಿ ಇಷ್ಟು ಸತ್ಯವಿದೆ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬೇಕಾದ ಸಂಗತಿಯೊಂದಿದೆ. ಚಂದಲದೇವಿಯ ತವರಾದ ಕರಹಾಟವು ಇಂದಿನ ಕರಾಡ; ಅದಿರುವದು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ. ಆ ಜಿಲ್ಲೆಯಲ್ಲಿ ಅನೇಕ ಹುಡುಗಿಯರಿಗೆ ‘ನಕೋಶಿ’ ಎಂಬ ಹೆಸರಿದ್ದಿತು. ಬೇಡವಾದವಳು ಎಂಬದು ಅದರ ಅರ್ಥ. 2011ರ ಅಕ್ಟೋಬರಿನಲ್ಲಿ ಅಂಥ 285 ಹುಡುಗಿಯರು ಸಮಾರಂಭದಲ್ಲಿ ನೆರೆದು ಆ ಹೆಸರನ್ನು ತ್ಯಜಿಸಿ ಹೊಸ ಹೆಸರಿನ ಪ್ರಮಾಣಪತ್ರಗಳನ್ನು ಪಡೆದರು. ಕೆಲವರು ಐಶ್ವರ್ಯಾ ಎಂದು ಚಿತ್ರತಾರೆಯ ಹೆಸರನ್ನೇ ಆರಿಸಿಕೊಂಡರು. ‘ನಕೋಶಿ’ ಎಂಬ ಹೆಸರಿಗೆ ಅರ್ಥವಿರಲಿಲ್ಲವೆಂದು ಯಾರೂ ಹೇಳಲಾರರು. ಅದರ ಅರ್ಥವೇ ಆ ಮಕ್ಕಳಿಗೆ ಹೊರೆಯಾಗಿತ್ತು.

ಈ ಎರಡನ್ನೂ ತೂಗಿ ನೋಡಿದಾಗ ತಿಳಿಯುವದಿಷ್ಟು. ಹೆಸರು ಹೊಸದಾಗಿ ಕಟ್ಟಿದ್ದೆಂಬದು ದೋಷವಲ್ಲ. ಶಾಂತಲೆಯ ಕಾಲದಿಂದಲೂ ಕಟ್ಟುತ್ತ ಬಂದಿದ್ದಾರೆ. ‘ಸಾಕು’ ಎಂದು ಕರೆಯಿಸಿಕೊಳ್ಳುತ್ತಿದ್ದ ಮಗಳಿಗಾಗಿ ಇಂದು ತಂದೆತಾಯಿಗಳು ತಿಂಗಳುಗಟ್ಟಲೆ ಅಕ್ಷರಗಳನ್ನು ಆಯುತ್ತಿರುವರೆಂಬದು ಸಣ್ಣ ಮಾತಲ್ಲ. ಆ ಆಯ್ಕೆಯ ಕಾಲದಲ್ಲಿ ನಾದದೊಡನೆ ಅರ್ಥವನ್ನೂ ವಿಚಾರಿಸಿದರೆ, ಮನೆಯ ಹಿರಿಯಳೊಬ್ಬಳನ್ನು ಕೇಳಿದರೆ, ಹೊಸ ಹೆಸರೂ ಹಳೆಯದರಂತೆ ಬಾಳುವದು. ಮಗಳು ದೊಡ್ಡವಳಾಗಿ ತನ್ನ ಹೆಸರಿನ ಅರ್ಥವೇನೆಂದು ಒಂದು ದಿನ ಕೇಳಿಯೇ ಕೇಳುವಳು. ಅಂದು ಕೊಡಲು ಮನೆಯಲ್ಲಿ ಒಂದು ಉತ್ತರವಿದ್ದರೆ ನಾಮಕರಣವು ಸಾರ್ಥಕ.