ಕ್ಯಾಂಟರ್ಬರಿಯ ಡೀನ್ ಪದವಿ

ಇಂಗ್ಲೆಂಡಿನ ಕ್ಯಾಂಟರ್ಬರಿಯ ಹೆಸರನ್ನು ಕೇಳಿದೊಡನೆ ಅಲ್ಲಿಯ ಆರ್ಚ್‌ಬಿಷಪ್ಪರು ನೆನಪಿಗೆ ಬರುವುದು ಸಹಜ. ಆದರೆ ಅಲ್ಲಿಯ ಮಹಾದೇವಾಲಯದ ಯಜಮಾನಿಕೆ ಅವರದಲ್ಲ. ಪೀಠವು ಆರ್ಚ್‌ಬಿಷಪ್ಪರದು, ಆರಾಧನೆ, ಕಟ್ಟಡ, ಆಸ್ತಿ ಇವುಗಳ ಆಡಳಿತವು ಡೀನ್ ಎಂಬ ಅಧಿಕಾರಿಗೂ ಆತನ ಮಂಡಲಿಗೂ ಸೇರಿದುದು. ಈ ಭೇದವು ಅಲ್ಪವೆಂದು ತೋರಿದರೂ, ಒಂದು ಕಾಲದಲ್ಲಿ ಇದು ಲೋಕದ ಚರ್ಚೆಗೇ ವಿಷಯವಾಯಿತು.

ಡೀನ್ ಎಂಬ ಮಾತು ಹತ್ತು ಮಂದಿಯ ಮುಖ್ಯಸ್ಥನೆಂಬ ಅರ್ಥವುಳ್ಳ ಲ್ಯಾಟಿನ್ ಶಬ್ದದಿಂದ ಹುಟ್ಟಿದುದು. ಮೊದಲು ಈ ದೇವಾಲಯವು ಬೆನೆಡಿಕ್ಟನ ನಿಯಮವನ್ನು ಪಾಲಿಸುತ್ತಿದ್ದ ಸನ್ಯಾಸಿಗಳ ಮಠಕ್ಕೆ ಸೇರಿದ್ದಿತು. ಎಂಟನೆಯ ಹೆನ್ರಿಯು ಪೋಪನ ಸಂಬಂಧವನ್ನು ಕಡಿದುಕೊಂಡು ಮಠಗಳನ್ನು ಮುಚ್ಚಿಸಿದಾಗ, ೧೫೪೦ರಲ್ಲಿ ಇದೂ ಕೊನೆಗಂಡಿತು. ಮರುವರ್ಷ ರಾಜಶಾಸನದ ಮೂಲಕ ಒಬ್ಬ ಡೀನನನ್ನೂ ಹನ್ನೆರಡು ಮಂದಿ ಕ್ಯಾನನ್ನರನ್ನೂ ಒಳಗೊಂಡ ಹೊಸ ವ್ಯವಸ್ಥೆಯು ಏರ್ಪಟ್ಟಿತು. ಮೊದಲನೆಯ ಡೀನ್ ನಿಕೊಲಸ್ ವಾಟನ್ ರಾಯಭಾರದಲ್ಲಿ ನಿಪುಣ. ನಾಲ್ಕು ಪ್ರಭುತ್ವಗಳು ಬದಲಾದುವು; ಅವುಗಳೊಡನೆ ರಾಜ್ಯದ ಮತವೂ ಹಿಂದುಮುಂದಾಯಿತು. ಆದರೂ ಆತನು ೧೫೬೭ರಲ್ಲಿ ತೀರಿಕೊಳ್ಳುವವರೆಗೆ ಪದವಿಯಲ್ಲಿಯೇ ಇದ್ದನು. ಅರಸನ ಇಚ್ಛೆಯಿಂದ ಹುಟ್ಟಿದ ಪದವಿಯು ಅರಸನಿಗೆ ಬಾಗಿಯೇ ನಡೆದುದು ಆಶ್ಚರ್ಯವಲ್ಲ.

ಅರಸೊತ್ತಿಗೆಗೆ ಕುತ್ತು ಬಂದಾಗ ಪದವಿಗೂ ಕುತ್ತು ಬಂದಿತು. ೧೬೪೯ರಲ್ಲಿ ಪಾರ್ಲಿಮೆಂಟು ಡೀನರನ್ನೂ ಅವರ ಮಂಡಲಿಗಳನ್ನೂ ರದ್ದುಗೊಳಿಸಿತು. ಅಂತರ್ಯುದ್ಧದ ನಡುವೆ ನೇಮಕವಾಗಿದ್ದ ಥಾಮಸ್ ಟರ್ನರನಿಗೆ ಅಧಿಕಾರವು ಕೈಸೇರಿದುದು ೧೬೬೦ರಲ್ಲಿ, ದೊರೆಯು ಮರಳಿದ ಮೇಲೆಯೇ.

ಇಂತಹ ಪದವಿಗೆ ೧೯೩೧ರಲ್ಲಿ ಹ್ಯೂಲೆಟ್ ಜಾನ್ಸನ್ನರು ಬಂದರು. ಅದೇ ವರ್ಷ ದುಂಡುಮೇಜಿನ ಪರಿಷತ್ತಿಗಾಗಿ ಇಂಗ್ಲೆಂಡಿಗೆ ಹೋಗಿದ್ದ ಮಹಾತ್ಮಾ ಗಾಂಧಿಯವರು ಕ್ಯಾಂಟರ್ಬರಿಯಲ್ಲಿ ಇವರ ಅತಿಥಿಗಳಾದರು. ೧೯೩೯ರಲ್ಲಿ ಜಾನ್ಸನ್ನರು ಸೋವಿಯೆಟ್ ರಷ್ಯವನ್ನು ಹೊಗಳಿ ಗ್ರಂಥವೊಂದನ್ನು ಬರೆದರು. ಜನರು ಇವರನ್ನು ‘ಕೆಂಪು ಡೀನ್’ ಎಂದು ಕರೆದರು. ೧೯೫೧ರಲ್ಲಿ ಸ್ಟಾಲಿನ್ ಶಾಂತಿ ಬಹುಮಾನವೂ ಇವರಿಗೆ ದೊರೆಯಿತು. ಪರದೇಶದವರು ಡೀನರ ಮಾತನ್ನು ಆರ್ಚ್‌ಬಿಷಪ್ಪರ ಮಾತೆಂದೇ ಭ್ರಮಿಸುತ್ತಿದ್ದರು. ಇವರನ್ನು ತೆಗೆದುಹಾಕಬೇಕೆಂಬ ಕೂಗು ಎದ್ದಿತು. ಆರ್ಚ್‌ಬಿಷಪ್ ಫಿಶರರಿಗೆ ಇವರ ಮತವು ಸ್ವಲ್ಪವೂ ಒಪ್ಪಿಗೆಯಿರಲಿಲ್ಲ. ಆದರೂ ನೇಮಕವು ಅರಸೊತ್ತಿಗೆಯದು, ರಾಜಕೀಯ ಅಭಿಪ್ರಾಯವು ಅಪರಾಧವಲ್ಲ. ಆದಕಾರಣ ತೆಗೆಯಲು ದಾರಿಯಿರಲಿಲ್ಲ. ಜಾನ್ಸನ್ನರು ೧೯೬೩ರಲ್ಲಿ ತಾವಾಗಿಯೇ ನಿವೃತ್ತರಾದರು.

ಸ್ಟಾಲಿನ್ನನ ಆಳಿಕೆಯಲ್ಲಿ ನೊಂದವರ ಗೋಳು ಜಾನ್ಸನ್ನರ ಕಿವಿಗೆ ಬೀಳದೆ ಹೋದುದು ದೊಡ್ಡ ಲೋಪವೇ ಸರಿ. ಆದರೆ ತಪ್ಪಿದವನ ನಾಲಗೆಯನ್ನೂ ಕಟ್ಟದೆ ಬಿಟ್ಟ ನ್ಯಾಯವು ಸಣ್ಣದಲ್ಲ. ವಿಧೇಯತೆಗಾಗಿ ಅರಸನು ಕಟ್ಟಿದ ಪದವಿಯು ನಾಲ್ಕು ಶತಮಾನಗಳ ತರುವಾಯ ಭಿನ್ನಮತಕ್ಕೆ ಆಸರೆಯಾಯಿತು.